ಬಿಸಿಲ ನಾಡಿಗೆ ಗಾಜಿನ ಗೋಡೆ

ಮನೆಗೆ ಬೆಳಕು ಬೇಕು, ಬಿಸಿಲು ಬೇಡ. ಹೊರಗಿನ ನೋಟ ಬೇಕು, ಹೊರಗಿನ ಧೂಳು ಬೇಡ. ಮನುಷ್ಯನು ಗೋಡೆ ಕಟ್ಟಲು ಕಲಿತಂದಿನಿಂದ ಈ ಬೇಕು ಬೇಡಗಳ ನಡುವೆ ಒಂದು ರಾಜಿಯನ್ನು ಅರಸುತ್ತಲೇ ಬಂದಿದ್ದಾನೆ. ಆ ರಾಜಿಗಳಲ್ಲೆಲ್ಲ ಅತ್ಯಂತ ಸೊಗಸಾದುದು ಗಾಜು. ಅದು ಗೋಡೆಯೂ ಹೌದು, ಗೋಡೆ ಇಲ್ಲದಿರುವಿಕೆಯೂ ಹೌದು. ಆದರೆ ಎಲ್ಲ ರಾಜಿಗಳಂತೆ ಇದಕ್ಕೂ ಒಂದು ಬೆಲೆಯುಂಟು. ಆ ಬೆಲೆ ದೇಶದಿಂದ ದೇಶಕ್ಕೆ, ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ.

ನಮ್ಮ ನಾಡಿನ ಪಟ್ಟಣಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಎದ್ದಿರುವ ವಾಣಿಜ್ಯ ಕಟ್ಟಡಗಳನ್ನು ನೋಡಿದರೆ, ಕಟ್ಟಡವೆಂದರೆ ಗಾಜಿನ ಮೋರೆಯುಳ್ಳದ್ದೆಂಬ ಭಾವನೆ ಜನರಲ್ಲಿ ಬೇರೂರಿರುವುದು ತಿಳಿಯುತ್ತದೆ. ಬೆಂಗಳೂರಿನ ತಂಪಿನಲ್ಲಿ ಬೆಳೆದ ಈ ಅಭಿರುಚಿ ಕಲಬುರಗಿಯಂತಹ ಬಿಸಿಲ ಊರಿಗೂ ಬಂದಿದೆ. ಮುಖ್ಯ ರಸ್ತೆಯ ದೊಡ್ಡ ಮಳಿಗೆಗಳು ಮಾಡಿದ್ದನ್ನು ಮೋಮಿನಪುರದಂತಹ ಜನನಿಬಿಡ ಕೇರಿಗಳ ಸಣ್ಣ ಅಂಗಡಿಕಾರರೂ ಅನುಸರಿಸಲು ಬಯಸುವುದು ಸಹಜವೇ. ದೊಡ್ಡ ಮಳಿಗೆಯ ಒಡೆಯನಿಗೆ ಸಲಹೆ ಕೊಡಲು ವಾಸ್ತುಶಿಲ್ಪಿಗಳಿರುತ್ತಾರೆ. ಸಣ್ಣ ಅಂಗಡಿಕಾರನಿಗೆ ಗಾಜು ಮಾರುವವನೇ ಸಲಹೆಗಾರ. ಆದ್ದರಿಂದ ಇಂದು ನಾವು ಗಾಜಿನ ವಿಷಯವನ್ನು ಆ ಸಣ್ಣ ಅಂಗಡಿಯ ದೃಷ್ಟಿಯಿಂದಲೇ ವಿಚಾರ ಮಾಡೋಣ.

ಸುಣ್ಣದ ಕಲ್ಲಿನ ಎರಡು ರೂಪ

ಕಲಬುರಗಿ ಜಿಲ್ಲೆಯ ನೆಲದಡಿಯಲ್ಲಿ ಹರಡಿರುವುದು ಸುಣ್ಣದ ಕಲ್ಲು. ಭೀಮಾ ನದಿಯ ಹೆಸರಿನಿಂದ ಭೂವಿಜ್ಞಾನಿಗಳು ಗುರುತಿಸುವ ಈ ಶಿಲಾಸ್ತರಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತವೆ. ಶಹಾಬಾದ ಕಲ್ಲೆಂದು ದೇಶದಲ್ಲೆಲ್ಲ ನೆಲಕ್ಕೆ ಹಾಸುವ ಚಪ್ಪಡಿ ಇದೇ. ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗಿ ಹೊರಬರುವುದೂ ಈ ಸುಣ್ಣದ ಕಲ್ಲೇ. ಗಾಜಿಗೂ ಸುಣ್ಣ ಬೇಕೆಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು.

ಕಿಟಕಿಯ ಗಾಜಿನ ತೂಕದಲ್ಲಿ ನೂರಕ್ಕೆ ಸುಮಾರು ೭೨ ಪಾಲು ಮರಳಿನ ಸಾರವಾದ ಸಿಲಿಕ, ೧೩–೧೪ ಪಾಲು ಸೋಡ, ಸುಮಾರು ೯ ಪಾಲು ಸುಣ್ಣ. ಬರಿಯ ಮರಳನ್ನು ಕರಗಿಸಬೇಕಾದರೆ ೧೭೦೦ ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚಿನ ಉಷ್ಣತೆ ಬೇಕು. ಸೋಡ ಬೆರೆತರೆ ಮರಳು ಬೇಗ ಕರಗುತ್ತದೆ. ಆದರೆ ಹಾಗೆ ಆದ ಗಾಜು ನೀರಿನಲ್ಲಿಯೂ ಕರಗಿಬಿಡುತ್ತದೆ. ಸುಣ್ಣವು ಅದಕ್ಕೆ ಗಟ್ಟಿತನವನ್ನೂ ನೀರಿನೆದುರು ನಿಲ್ಲುವ ಶಕ್ತಿಯನ್ನೂ ಕೊಡುತ್ತದೆ.

ಹಿಂದೆ ಕರಗಿದ ಗಾಜನ್ನು ಊದಿ, ಸೀಳಿ, ಚಪ್ಪಟೆ ಮಾಡುತ್ತಿದ್ದರು. ಅನಂತರ ಯಂತ್ರಗಳಿಂದ ಹಾಳೆಯಾಗಿ ಮೇಲಕ್ಕೆಳೆಯುವ ವಿಧಾನ ಬಂದಿತು. ಹಳೆಯ ಕಿಟಕಿಗಳ ಗಾಜಿನಲ್ಲಿ ಎದುರಿನ ಮನೆ ಅಲೆಯಲೆಯಾಗಿ ಕಾಣುತ್ತಿದ್ದುದು ಇದರಿಂದಲೇ. ಈ ದೋಷವನ್ನು ಕಳೆದವನು ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ಹರಿಯಬಿಟ್ಟರೆ, ಹಗುರವಾದ ಗಾಜು ನೀರಿನ ಮೇಲಿನ ಎಣ್ಣೆಯಂತೆ ತೇಲಿ ತನಗೆ ತಾನೇ ಸಮತಲವಾಗುತ್ತದೆಂಬುದು ಅವನ ಆಲೋಚನೆ. ತವರವು ೨೩೨ ಡಿಗ್ರಿಯಲ್ಲಿಯೇ ಕರಗುತ್ತದೆ. ಗಾಜು ಸುಮಾರು ೬೦೦ ಡಿಗ್ರಿಗೆ ಇಳಿಯುವ ಹೊತ್ತಿಗೆ ಎತ್ತಿಕೊಳ್ಳುವಷ್ಟು ಗಟ್ಟಿಯಾಗಿರುತ್ತದೆ. ಈ ಎರಡು ಸಂಖ್ಯೆಗಳ ಅಂತರದಲ್ಲಿಯೇ ಇಡೀ ಉಪಾಯ ಅಡಗಿದೆ. ೧೯೫೨ರಲ್ಲಿ ಆರಂಭವಾದ ಪ್ರಯೋಗದ ಫಲವನ್ನು ೧೯೫೯ರಲ್ಲಿ ಲೋಕಕ್ಕೆ ಪ್ರಕಟಿಸಲಾಯಿತು. ಇಂದು ಕಟ್ಟಡಗಳಿಗೆ ಬಳಸುವ ಹಾಳೆಗಾಜಿನಲ್ಲಿ ಬಹುಪಾಲು ಈ ತೇಲುಗಾಜೇ. ನಮ್ಮ ನೆರೆಯಲ್ಲಿ, ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ, ಫ್ರಾನ್ಸಿನ ಸೇಂಟ್ ಗೋಬೇನ್ ಸಂಸ್ಥೆ ೨೦೦೦ದಲ್ಲಿ ಇಂತಹ ಕಾರ್ಖಾನೆಯನ್ನು ನಡೆಸಲಾರಂಭಿಸಿತು. ತೇಲುಗಾಜಿನ ಕುಲುಮೆ ಒಮ್ಮೆ ಹೊತ್ತಿತೆಂದರೆ ಹಗಲಿರುಳು ವರ್ಷಗಟ್ಟಲೆ ಆರುವಂತಿಲ್ಲ. ಹೀಗೆ ನಿಲ್ಲದೆ ಹರಿದುಬರುವ ಗಾಜಿಗೆ ನಿಲ್ಲದ ಗಿರಾಕಿಗಳೂ ಬೇಕು. ಗಾಜಿನ ಮೋರೆ ಇಷ್ಟು ಬೇಗ ಇಷ್ಟು ದೂರ ಹರಡಿದುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಒಳಬಂದ ಬಿಸಿಲು ಹೊರಹೋಗದು

ಗಾಜಿನ ಮನೆಯ ವಂಶಾವಳಿಯನ್ನು ಹುಡುಕಿದರೆ ಒಂದು ಸ್ವಾರಸ್ಯದ ಸಂಗತಿ ಕಾಣುತ್ತದೆ. ೧೮೫೧ರಲ್ಲಿ ಲಂಡನ್ನಿನಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳಿಂದ ಸ್ಫಟಿಕ ಸೌಧವನ್ನು ಕಟ್ಟಿಸಿದ ಜೋಸೆಫ್ ಪ್ಯಾಕ್ಸ್ಟನ್ ಮೂಲತಃ ತೋಟಗಾರ. ಚಳಿನಾಡಿನಲ್ಲಿ ಉಷ್ಣವಲಯದ ಗಿಡಗಳನ್ನು ಬೆಚ್ಚಗಿಡಲು ಕಟ್ಟುತ್ತಿದ್ದ ಗಾಜಿನ ಮನೆಯೇ ಅವನ ಸೌಧಕ್ಕೆ ಮಾದರಿ. ಆ ಲಂಡನ್ನಿನಲ್ಲಿಯೂ ಬೇಸಗೆಯ ಬಿಸಿಲನ್ನು ತಡೆಯಲು ಮಾಡಿನ ಮೇಲೆ ಬಟ್ಟೆಯನ್ನು ಹೊದಿಸಬೇಕಾಯಿತು. ೧೮೮೯ರಲ್ಲಿ ಶಂಕುಸ್ಥಾಪನೆಯಾದ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೂ ಇದೇ ಸಂತತಿಯದು. ಗಾಜಿನ ಮನೆ ಹುಟ್ಟಿದ್ದು ಗಿಡಗಳನ್ನು ಬಿಸಿಮಾಡುವುದಕ್ಕಾಗಿ ಎಂಬುದನ್ನು ಕಲಬುರಗಿಯವರು ನೆನಪಿನಲ್ಲಿಡುವುದು ಒಳ್ಳೆಯದು.

ಗಾಜು ಬಿಸಿಮಾಡುವುದು ಹೇಗೆ? ಸೂರ್ಯನಿಂದ ಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಕಡಮೆ ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕು. ಉಳಿದುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಸಾದಾ ಗಾಜು ಇವೆರಡನ್ನೂ ಒಳಬಿಡುತ್ತದೆ. ಒಳಬಂದ ಕಿರಣಗಳು ನೆಲ, ಮೇಜು, ಬಟ್ಟೆಯ ಥಾನುಗಳ ಮೇಲೆ ಬಿದ್ದು ಉಷ್ಣವಾಗುತ್ತವೆ. ಬಿಸಿಯಾದ ಆ ವಸ್ತುಗಳೂ ಕಿರಣಗಳನ್ನು ಸೂಸುತ್ತವೆ. ಆದರೆ ಅವು ಸೂರ್ಯನಂತೆ ಸುಡುವ ಕಾಯಗಳಲ್ಲವಾದುದರಿಂದ, ಅವುಗಳ ಕಿರಣದ ಅಲೆಗಳು ಬಹಳ ಉದ್ದವಾಗಿರುತ್ತವೆ. ಸೂರ್ಯಕಿರಣದ ಅಲೆಗಳು ಬಹುಮಟ್ಟಿಗೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನೊಳಗೆ ಇದ್ದರೆ, ಇವುಗಳ ಅಲೆಗಳು ಸುಮಾರು ಹತ್ತು ಪಾಲಿನಷ್ಟು. ಈ ಉದ್ದ ಅಲೆಗಳಿಗೆ ಗಾಜು ಪಾರದರ್ಶಕವಲ್ಲ, ಕಲ್ಲಿನ ಗೋಡೆಯಂತೆಯೇ ಅಡ್ಡ. ಇದರ ಜೊತೆಗೆ, ಬಿಸಿಯಾದ ಗಾಳಿ ಮೇಲೇರಿ ಹೊರಹೋಗಲು ಮುಚ್ಚಿದ ಗಾಜಿನಲ್ಲಿ ದಾರಿಯೂ ಇಲ್ಲ. ಬರುವುದಕ್ಕೆ ಬಾಗಿಲು ತೆರೆದಿದೆ, ಹೋಗುವುದಕ್ಕೆ ಮುಚ್ಚಿದೆ.

ಸೂರ್ಯನ ಹಾದಿ

ಇನ್ನು, ಯಾವ ಗೋಡೆಗೆ ಎಷ್ಟು ಬಿಸಿಲು? ಕಲಬುರಗಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೭ ಡಿಗ್ರಿ ೨೦ ಮಿನಿಟಿನ ಅಕ್ಷಾಂಶದಲ್ಲಿದೆ. ಇದರ ಅರ್ಥವೇನೆಂದರೆ, ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ, ಮತ್ತೆ ಆಗಸ್ಟಿನ ಮೊದಲ ವಾರದಲ್ಲಿ, ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ.

ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವ ಮೇ ತಿಂಗಳಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲು ಹೆಚ್ಚುಕಡಮೆ ಬೀಳುವುದೇ ಇಲ್ಲವೆಂಬುದು ಇದರಿಂದ ತಿಳಿಯುತ್ತದೆ. ಉತ್ತರದ ಗೋಡೆಗೆ ಬೆಳಗ್ಗೆ ಸಂಜೆ ಓರೆಯಾಗಿ ತುಸು ಬೀಳುತ್ತದೆ. ಬಿಸಿಲ ಹೊರೆಯನ್ನೆಲ್ಲ ಹೊರುವುದು ಮಾಳಿಗೆ, ಬೆಳಗಿನಲ್ಲಿ ಪೂರ್ವದ ಗೋಡೆ, ಮಧ್ಯಾಹ್ನದ ಮೇಲೆ ಪಶ್ಚಿಮದ ಗೋಡೆ. ಇವುಗಳಲ್ಲಿ ಪಶ್ಚಿಮವೇ ಕಠಿಣ; ಏಕೆಂದರೆ ಊರಿನ ಗಾಳಿಯೆಲ್ಲ ಕಾದು ಹೋಗಿರುವ ಹೊತ್ತಿನಲ್ಲಿಯೇ ಅದಕ್ಕೆ ಬಿಸಿಲು ಬಡಿಯುತ್ತದೆ.

ಛಜ್ಜವನ್ನು ಕಟ್ಟಿದರಾಗದೆ ಎಂದು ಕೇಳಬಹುದು. ಎಂಟು ಅಡಿ ಎತ್ತರದ ಕಿಟಕಿಯೊಂದು ದಕ್ಷಿಣಕ್ಕೆ ಮೋರೆ ಮಾಡಿದೆಯೆನ್ನೋಣ. ಮಾರ್ಚ್ ೨೧ರ ಸುಮಾರಿಗೆ ಅದಕ್ಕೆ ಪೂರ್ತಿ ನೆರಳಾಗಬೇಕಾದರೆ ಛಜ್ಜ ಎರಡೂವರೆ ಅಡಿ ಚಾಚಿದರೆ ಸಾಕು. ಅಲ್ಲಿಂದ ಮುಂದೆ ಬೇಸಗೆಯುದ್ದಕ್ಕೂ ಅಷ್ಟೇ ಸಾಕಾಗುತ್ತದೆ. ಅದೇ ಕಿಟಕಿ ಪಶ್ಚಿಮಕ್ಕೆ ಇದ್ದರೆ? ಮೇ ತಿಂಗಳ ಸಂಜೆ ನಾಲ್ಕು ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು ೩೮ ಡಿಗ್ರಿಗೆ ಇಳಿದಿರುತ್ತಾನೆ. ಅವನನ್ನು ಮರೆಮಾಡಲು ಹತ್ತು ಅಡಿಯ ಛಜ್ಜ ಬೇಕು. ಐದು ಗಂಟೆಗೆ ಅದೂ ಸಾಲದು. ಕಿರಿದಾದ ಓಣಿಯಲ್ಲಿ ಹತ್ತು ಅಡಿ ಚಾಚಿದರೆ ಎದುರು ಮನೆಯ ಗೋಡೆಯನ್ನೇ ಮುಟ್ಟಬೇಕಾದೀತು.

ಒಂದು ಅಂಗಡಿಯ ಲೆಕ್ಕ

ಮೋಮಿನಪುರದಲ್ಲಿ ಒಬ್ಬ ಬಟ್ಟೆಯ ವ್ಯಾಪಾರಿ ಇದ್ದಾನೆಂದೂ, ಅವನ ಅಂಗಡಿ ಪಶ್ಚಿಮಾಭಿಮುಖವೆಂದೂ ಊಹಿಸಿಕೊಳ್ಳೋಣ. ಕೂಡಿಟ್ಟ ಹಣದಿಂದ ಅವನು ಮುಂಭಾಗದ ಗೋಡೆಯನ್ನು ಕೆಡವಿ ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ, ಆರು ಮಿಲಿಮೀಟರ್ ದಪ್ಪದ ಸಾದಾ ಗಾಜನ್ನು ಹಾಕಿಸುತ್ತಾನೆ. ವಿಸ್ತೀರ್ಣ ೮೦ ಚದರಡಿ. ಎಂದರೆ ಸುಮಾರು ೭.೪ ಚದರ ಮೀಟರು.

ಮೇ ತಿಂಗಳ ನಿರ್ಮಲವಾದ ಆಕಾಶದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ಸುಮಾರು ೬೦೦ ವ್ಯಾಟ್ ಸೌರಶಕ್ತಿ ಬೀಳುತ್ತದೆಂದು ಇಟ್ಟುಕೊಳ್ಳಬಹುದು. ಸಾದಾ ಗಾಜು ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಒಳಬಿಡುತ್ತದೆ. ಗುಣಿಸಿ ನೋಡಿದರೆ ಒಳಬರುವ ಉಷ್ಣ ಸುಮಾರು ೩೫೫೦ ವ್ಯಾಟ್. ಹವಾನಿಯಂತ್ರಣ ಯಂತ್ರದ ವ್ಯಾಪಾರದಲ್ಲಿ ‘ಒಂದು ಟನ್’ ಎಂದು ಹೇಳುವ ಶಕ್ತಿ ಸುಮಾರು ೩೫೦೦ ವ್ಯಾಟ್ ಉಷ್ಣವನ್ನು ಹೊರಹಾಕುವುದಕ್ಕೆ ಸಮ. ಅಂದಮೇಲೆ ನಮ್ಮ ವ್ಯಾಪಾರಿ ಒಂದು ಟನ್ನಿನ ಯಂತ್ರವನ್ನು ತಂದಿಟ್ಟರೆ, ಅದು ಆ ಹೊತ್ತಿನಲ್ಲಿ ಗಿರಾಕಿಗಳನ್ನು ತಂಪುಮಾಡುವುದಿಲ್ಲ. ಗಾಜಿನಿಂದ ಬಂದ ಬಿಸಿಲನ್ನು ಹೊರಗೆ ಮೊಗೆದು ಚೆಲ್ಲುತ್ತಿರುತ್ತದೆ, ಅಷ್ಟೆ. ಗಿರಾಕಿಗಳ ಸಲುವಾಗಿ ಇನ್ನೊಂದು ಯಂತ್ರ ಬೇಕು.

ಒಳ್ಳೆಯ ಯಂತ್ರವೂ ಇಷ್ಟು ಉಷ್ಣವನ್ನು ಹೊರಹಾಕಲು ಗಂಟೆಗೆ ಸುಮಾರು ಒಂದು ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆ, ಬೇಸಗೆಯ ನೂರು ದಿನ ಎಂದು ಹಿಡಿದರೆ ೪೦೦ ಯೂನಿಟ್. ಗಾಜಿನ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸಬಹುದು. ಈ ಕಂದಾಯ ಮಾತ್ರ ವರ್ಷವರ್ಷವೂ ಬರುತ್ತದೆ. ಅಷ್ಟೇ ಅಲ್ಲ, ಯಂತ್ರವು ಒಳಗಿನ ಉಷ್ಣದೊಡನೆ ತಾನು ನುಂಗಿದ ವಿದ್ಯುತ್ತಿನ ಉಷ್ಣವನ್ನೂ ಸೇರಿಸಿ ಓಣಿಗೆ ಊದುತ್ತದೆ. ಒಬ್ಬನ ತಂಪು ನೆರೆಯವನ ಸೆಕೆಯಾಗುತ್ತದೆ.

ಅದೇ ಜಾಗದಲ್ಲಿ ಗಿಲಾವು ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ ಉಳಿದಿದ್ದರೆ, ಒಳಬರುತ್ತಿದ್ದ ಉಷ್ಣ ಇದರ ಸುಮಾರು ಹತ್ತರಲ್ಲೊಂದು ಪಾಲು. ಅದೂ ತಡವಾಗಿ, ಹಲವು ಗಂಟೆಗಳ ಅನಂತರ ಒಳಗಣ ಮೈಗೆ ತಲಪುತ್ತಿದ್ದಿತು.

ಹೀಗೆ ಕಷ್ಟಕ್ಕೆ ಸಿಕ್ಕವನಿಗೆ ಮಾರುಕಟ್ಟೆಯಲ್ಲಿ ಎರಡು ಪದರದ ಗಾಜನ್ನು ಸೂಚಿಸುವುದುಂಟು. ಅದನ್ನೂ ಲೆಕ್ಕ ಹಾಕಿ ನೋಡೋಣ. ಹೊರಗೆ ೪೨ ಡಿಗ್ರಿ, ಒಳಗೆ ೨೮ ಡಿಗ್ರಿ ಇರುವಾಗ, ಕೇವಲ ಈ ೧೪ ಡಿಗ್ರಿಯ ವ್ಯತ್ಯಾಸದಿಂದ ಒಂದೇ ಪದರದ ಗಾಜಿನ ಮೂಲಕ ಹರಿದುಬರುವ ಉಷ್ಣ ಸುಮಾರು ೬೦೦ ವ್ಯಾಟ್. ನಡುವೆ ಗಾಳಿಯುಳ್ಳ ಎರಡು ಪದರವಾದರೆ ಅದು ಅರ್ಧಕ್ಕೆ ಇಳಿಯುತ್ತದೆ. ಉಳಿತಾಯ ೩೦೦ ವ್ಯಾಟ್. ಆದರೆ ಬಿಸಿಲಾಗಿ ಬರುವ ಮೂರೂವರೆ ಸಾವಿರ ವ್ಯಾಟಿನಲ್ಲಿ ಸಾದಾ ಗಾಜಿನ ಎರಡನೆಯ ಪದರ ಕಡಮೆ ಮಾಡುವುದು ಬಹಳ ಸ್ವಲ್ಪ. ಎರಡು ಪದರದ ಗಾಜು ಹಿಮ ಸುರಿಯುವ ದೇಶಗಳಲ್ಲಿ ಒಳಗಿನ ಬಿಸಿಯನ್ನು ಉಳಿಸಲು ಹುಟ್ಟಿದ ಸಾಧನ. ನಮ್ಮಲ್ಲಿ ತಡೆಯಬೇಕಾದುದು ಮೊದಲು ಬಿಸಿಲನ್ನು, ಆಮೇಲೆ ಬಿಸಿಗಾಳಿಯನ್ನು.

ಬಣ್ಣ, ಕನ್ನಡಿ, ಲೇಪ

ಹಾಗಾದರೆ ಕಪ್ಪು ಅಥವಾ ಹಸಿರು ಬಣ್ಣದ ಗಾಜು ಹೇಗೆ? ಬಣ್ಣದ ಗಾಜು ಬಿಸಿಲನ್ನು ಹಿಂದಿರುಗಿಸುವುದಿಲ್ಲ, ತಾನೇ ಹೀರಿಕೊಳ್ಳುತ್ತದೆ. ಹೀರಿದ್ದರಿಂದ ಅದು ಸುಡುವಷ್ಟು ಬಿಸಿಯಾಗಿ, ಆ ಉಷ್ಣದಲ್ಲಿ ಒಂದು ಪಾಲನ್ನು ಒಳಕ್ಕೆ ಸೂಸುತ್ತದೆ. ಬಿಸಿಲಿನಲ್ಲಿರುವ ನಡುಭಾಗ ಕಾದು ಹಿಗ್ಗುವಾಗ ಚೌಕಟ್ಟಿನ ನೆರಳಿನಲ್ಲಿರುವ ಅಂಚು ತಣ್ಣಗಿದ್ದರೆ, ಆ ಸೆಳೆತಕ್ಕೆ ಗಾಜು ಬಿರಿಯುವುದೂ ಉಂಟು. ಇದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಕಪ್ಪಾದುದೆಲ್ಲ ಉಷ್ಣಕ್ಕೂ ಕಪ್ಪಾಗಿರಬೇಕಿಲ್ಲ. ಬೆಳಕನ್ನು ತಡೆದು ಅವಕೆಂಪನ್ನು ಬಿಟ್ಟರೆ, ಅಂಗಡಿಯಲ್ಲಿ ಹಗಲಿನಲ್ಲಿಯೂ ದೀಪ ಹಚ್ಚಬೇಕಾಗುತ್ತದೆ, ಸೆಕೆಯೂ ಉಳಿಯುತ್ತದೆ.

ಕನ್ನಡಿಯಂತೆ ಹೊಳೆಯುವ ಗಾಜು ಬಿಸಿಲನ್ನು ಹಿಂದಿರುಗಿಸುತ್ತದೆ, ನಿಜ. ಆದರೆ ಹಿಂದಿರುಗಿದ್ದು ಎಲ್ಲಿಗೆ ಹೋಗುತ್ತದೆ? ಅಗಲವಾದ ಹೆದ್ದಾರಿಯಲ್ಲಿ ಈ ಪ್ರಶ್ನೆ ಏಳದಿರಬಹುದು. ಮೋಮಿನಪುರದಂತಹ ಒತ್ತಾದ ಕೇರಿಯಲ್ಲಿ ಅದು ಎದುರು ಮನೆಯ ಪಡಸಾಲೆಗೇ ಹೋಗುತ್ತದೆ. ಲಂಡನ್ನಿನಲ್ಲಿ ಒಳಬಾಗಿದ ಗಾಜಿನ ಮೋರೆಯ ಎತ್ತರದ ಕಟ್ಟಡವೊಂದು ೨೦೧೩ರಲ್ಲಿ ಬಿಸಿಲನ್ನು ಬೀದಿಯ ಮೇಲೆ ಕೂಡಿಸಿ, ಅಲ್ಲಿ ನಿಂತ ಕಾರಿನ ಭಾಗಗಳನ್ನು ಕರಗಿಸಿದ ಸಂಗತಿ ಜಗತ್ತಿಗೆಲ್ಲ ತಿಳಿಯಿತು.

ಮೂರನೆಯದು ಇತ್ತೀಚಿನ ವಿಜ್ಞಾನದ ಕೊಡುಗೆಯಾದ ಲೇಪದ ಗಾಜು. ಗಾಜಿನ ಮೈಗೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ತೆಳುವಾದ ಬೆಳ್ಳಿಯ ಪದರವನ್ನು ನಿರ್ವಾತದಲ್ಲಿ ಬಳಿಯುತ್ತಾರೆ. ಇಷ್ಟು ತೆಳುವಾದ ಬೆಳ್ಳಿ ಕಾಣುವ ಬೆಳಕಿನ ಬಹುಪಾಲನ್ನು ಒಳಬಿಟ್ಟು, ಅವಕೆಂಪನ್ನು ಬಹುಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ. ಕಾಳನ್ನೂ ಜೊಳ್ಳನ್ನೂ ಮೊರ ಬೇರ್ಪಡಿಸುವಂತೆ ಇದು ಬೆಳಕನ್ನೂ ಉಷ್ಣವನ್ನೂ ಬೇರ್ಪಡಿಸುತ್ತದೆ.

ಈ ಮೂರರಲ್ಲಿ ಯಾವುದು ಎಂತಹುದೆಂದು ಕಣ್ಣಿನಿಂದ ತಿಳಿಯಲಾಗದು, ಸಂಖ್ಯೆಯಿಂದ ತಿಳಿಯಬೇಕು. ತಯಾರಕರು ತಮ್ಮ ಗಾಜಿನ ವಿವರಪತ್ರದಲ್ಲಿ ಎರಡು ಅಂಕಗಳನ್ನು ಕೊಡುತ್ತಾರೆ. ಬಿದ್ದ ಸೌರೋಷ್ಣದಲ್ಲಿ ಎಷ್ಟು ಪಾಲು ಒಳಬರುತ್ತದೆಂಬುದನ್ನು ತಿಳಿಸುವುದು ‘ಎಸ್.ಎಚ್.ಜಿ.ಸಿ.’, ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಒಳಬರುತ್ತದೆಂಬುದನ್ನು ತಿಳಿಸುವುದು ‘ವಿ.ಎಲ್.ಟಿ.’. ಮೊದಲನೆಯದು ಕಡಮೆ, ಎರಡನೆಯದು ಹೆಚ್ಚು ಇದ್ದಷ್ಟೂ ನಮ್ಮ ಹವೆಗೆ ಲೇಸು. ಮೊದಲನೆಯ ಅಂಕ ೦.೮೦ ಇರುವ ಸಾದಾ ಗಾಜಿನ ಬದಲು ೦.೨೭ ಇರುವುದನ್ನು ನಮ್ಮ ವ್ಯಾಪಾರಿ ಹಾಕಿಸಿದ್ದರೆ, ಒಳಬರುತ್ತಿದ್ದ ಉಷ್ಣ ೩೫೫೦ ವ್ಯಾಟ್ ಅಲ್ಲ, ೧೨೦೦ ವ್ಯಾಟ್.

ಗಾಜಿಲ್ಲದ ಕಾಲದ ಪಾಠ

ಗಾಜಿನ ಹಾಳೆಗಳಿಲ್ಲದ ಕಾಲದಲ್ಲಿ ಇದೇ ಊರಿನವರು ಬೆಳಕಿನ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡಿದ್ದರು? ೧೩೪೭ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ ೧೩೬೭ರದು. ಅದು ಸುಮಾರು ೨೧೬ ಅಡಿ ಉದ್ದ, ೧೭೬ ಅಡಿ ಅಗಲದ ಕಟ್ಟಡ. ಸಾಮಾನ್ಯವಾಗಿ ಮಸೀದಿಗಳಲ್ಲಿ ನಡುವೆ ಬಯಲಾದ ಅಂಗಳವಿರುತ್ತದೆ. ಇಲ್ಲಿ ಅದಿಲ್ಲ, ಇಡೀ ವಿಸ್ತಾರದ ಮೇಲೆ ಗುಮ್ಮಟಗಳ ಮಾಡು. ಇಷ್ಟು ಅಗಲವಾದ ಕಟ್ಟಡವನ್ನು ಪೂರ್ತಿ ಮುಚ್ಚಿದರೆ ಒಳಗೆ ಕತ್ತಲೆ ಕವಿಯಬೇಕಷ್ಟೆ? ಆದರೆ ಅಂಚಿನ ಸಾಲುಗಳಲ್ಲಿ ತಗ್ಗಾದ, ಬಹಳ ಅಗಲವಾದ ಕಮಾನುಗಳನ್ನು ಹೊರಕ್ಕೆ ತೆರೆದು, ಅಂಗಳದ ಕಡೆಯಿಂದ ಬರಬೇಕಾಗಿದ್ದ ಬೆಳಕನ್ನು ಪಕ್ಕಗಳಿಂದ ತರಿಸಿದ್ದಾರೆ. ಬಿಸಿಲು ಅಂಚಿನಲ್ಲಿಯೇ ನಿಲ್ಲುತ್ತದೆ. ನೆಲದಿಂದಲೂ ಕಂಬಗಳಿಂದಲೂ ಪುಟಿದ ಮೆದು ಬೆಳಕು ಮಾತ್ರ ಒಳಗೆ ಸಾಗುತ್ತದೆ.

ಈ ಸೀಮೆಯ ಹಳೆಯ ಮಾಳಿಗೆಮನೆಗಳ ಬೆಳಕಿಂಡಿಯಲ್ಲಿರುವುದೂ ಇದೇ ತತ್ತ್ವ. ದಪ್ಪ ಮಣ್ಣಿನ ಮಾಡಿನಲ್ಲಿ ಗೇಣಗಲದ ಒಂದು ತೂತು. ಅದರಿಂದ ಬಂದ ಬಿಸಿಲಕೋಲು ನೆಲದ ಮೇಲೆ ಬಿದ್ದು ಕೋಣೆಯನ್ನೆಲ್ಲ ಬೆಳಗುತ್ತದೆ. ಬೆಳಕಿಗೆ ದೊಡ್ಡ ದ್ವಾರ ಬೇಕಿಲ್ಲ. ನಮ್ಮ ಸೂರ್ಯನಲ್ಲಿ ಅಷ್ಟು ಧಾರಾಳತನವಿದೆ.

ಹಾಗೆಂದು ಗಾಜನ್ನು ಬಿಟ್ಟು ಬೆಳಕಿಂಡಿಗೆ ಹಿಂದಿರುಗಿರೆಂದು ನಾವು ಹೇಳುತ್ತಿಲ್ಲ. ಅಂಗಡಿಯವನಿಗೆ ತನ್ನ ಸರಕನ್ನು ಬೀದಿಗೆ ತೋರಿಸಬೇಕಾಗಿದೆ, ಧೂಳನ್ನು ತಡೆಯಬೇಕಾಗಿದೆ, ಅದು ನ್ಯಾಯವೇ. ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯಬೇಕೆಂಬುದಷ್ಟೇ ಹಳಬರ ಪಾಠ. ಗಾಜಿನ ಒಳಗಡೆ ಕಟ್ಟಿದ ಪರದೆ ಕಣ್ಣಿಗೆ ನೆರಳು ಕೊಟ್ಟೀತು. ಉಷ್ಣ ಆಗಲೇ ಒಳಬಂದಾಗಿರುತ್ತದೆ. ಹೊರಗಡೆ ಇಳಿಬಿಟ್ಟ ಬಿದಿರಿನ ತಟ್ಟಿಯಾಗಲಿ, ಮಧ್ಯಾಹ್ನದ ಮೇಲೆ ಇಳಿಸಿ ಸಂಜೆ ಸುತ್ತಿಡುವ ಬಟ್ಟೆಯ ಮರೆಯಾಗಲಿ, ದುಬಾರಿಯಾದ ಗಾಜು ಮಾಡುವ ಕೆಲಸದ ಬಹುಪಾಲನ್ನು ಅಲ್ಪ ವೆಚ್ಚದಲ್ಲಿ ಮಾಡುತ್ತದೆ.

ಒಡೆದಾಗ ಏನಾಗುವುದು?

ಗಾಜಿನ ಇನ್ನೊಂದು ಗುಣವನ್ನು ಮರೆಯುವಂತಿಲ್ಲ: ಅದು ಒಡೆಯುತ್ತದೆ. ನಮ್ಮ ಲೆಕ್ಕದ ೮೦ ಚದರಡಿಯ ಗಾಜು ಸುಮಾರು ೧೧೦ ಕಿಲೋಗ್ರಾಂ ತೂಗುತ್ತದೆ. ಸಾದಾ ಗಾಜು ಒಡೆದರೆ ಕತ್ತಿಯಂತಹ ಉದ್ದುದ್ದ ಚೂರುಗಳಾಗುತ್ತದೆ. ಮಕ್ಕಳು ಓಡಾಡುವ ಓಣಿಯ ಪಕ್ಕದಲ್ಲಿ, ಆಳೆತ್ತರಕ್ಕೆ, ಅಂತಹ ಗಾಜನ್ನು ನಿಲ್ಲಿಸುವುದು ಅಪಾಯ.

ಇದಕ್ಕೆ ಎರಡು ಪರಿಹಾರಗಳಿವೆ. ಗಾಜನ್ನು ೬೦೦ ಡಿಗ್ರಿಗೂ ಮೀರಿ ಕಾಯಿಸಿ ಗಾಳಿಯಿಂದ ಥಟ್ಟನೆ ತಣಿಸಿದರೆ ಅದರ ಹೊರಮೈ ಬಿಗಿಯುತ್ತದೆ. ಇದು ಹದಗಾಜು, ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲಶಾಲಿ, ಒಡೆದರೂ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಹದ ಮಾಡಿದ ಮೇಲೆ ಕೊಯ್ಯುವಂತಿಲ್ಲ. ಅಳತೆಯನ್ನು ಮೊದಲೇ ಸರಿಯಾಗಿ ಕೊಡಬೇಕು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಹಾಳೆಯನ್ನಿಟ್ಟು ಒತ್ತಿದ್ದು ಬೆಸುಗೆಗಾಜು. ಇದು ಒಡೆದರೂ ಚೂರುಗಳು ಹಾಳೆಗೆ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತವೆ. ತಲೆಯ ಮೇಲಿನ ಗಾಜಿಗೆ ಬೆಸುಗೆಗಾಜೇ ಯೋಗ್ಯ. ಏಕೆಂದರೆ ಹದಗಾಜು ಒಳಗೆ ಅಡಗಿದ ನಿಕಲ್ ಸಲ್ಫೈಡಿನ ಕಣವೊಂದರಿಂದ, ಯಾರೂ ಮುಟ್ಟದಿದ್ದರೂ, ವರ್ಷಗಳ ಅನಂತರ ತಾನೇ ಸಿಡಿಯುವುದುಂಟು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಜಿಗಾಗಿಯೇ ಪ್ರತ್ಯೇಕ ಅಧ್ಯಾಯವಿದೆ.

ಒಡೆಯುವ ಅಪಾಯದಂತೆಯೇ ತೆರೆಯಲಾಗದಿರುವ ಅಪಾಯವೂ ಉಂಟು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಕೊಲ್ಲಲು ಬಂದದ್ದು ಉರಿಗಿಂತ ಹೆಚ್ಚಾಗಿ ಹೊಗೆ. ಉಸಿರಿಗಾಗಿ ಗಾಜನ್ನು ಒಡೆದು, ಮೇಲಿನ ಅಂತಸ್ತುಗಳಿಂದ ಹಾರಿದವರೂ ಇದ್ದರು. ಮುಚ್ಚಿದ ಗಾಜಿನ ಮೋರೆಯ ಹಿಂದೆ ಹೊಗೆ ಹೊರಹೋಗಲು ಕಿಟಕಿಗಳೂ, ಜನ ಹೊರಹೋಗಲು ಎರಡನೆಯ ದಾರಿಯೂ ಇರಬೇಕೆಂಬುದನ್ನು ಆ ದಿನ ಕಟುವಾಗಿ ಕಲಿಸಿತು. ಎರಡಂತಸ್ತಿನ ಅಂಗಡಿಗೂ ಈ ಪಾಠ ಸಲ್ಲುತ್ತದೆ.

ಕಾನೂನು ಮುಟ್ಟದ ಅಂಗಡಿ

ಭಾರತ ಸರ್ಕಾರವು ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆಯನ್ನು ೨೦೦೭ರಲ್ಲಿ ಹೊರತಂದು, ೨೦೧೭ರಲ್ಲಿ ಪರಿಷ್ಕರಿಸಿತು. ೨೦೨೪ರಲ್ಲಿ ಅದಕ್ಕೆ ಮತ್ತೊಂದು ವಿಸ್ತೃತ ರೂಪ ಬಂದಿತು. ೨೦೧೭ರ ಸಂಹಿತೆಯು ಗೋಡೆಯಲ್ಲಿ ಗಾಜಿನ ಪಾಲು ನೂರಕ್ಕೆ ನಲವತ್ತನ್ನು ಮೀರಬಾರದೆಂದೂ, ನಮ್ಮಂತಹ ಬಿಸಿ ಹವೆಯಲ್ಲಿ ಪೂರ್ವ, ಪಶ್ಚಿಮ, ದಕ್ಷಿಣಗಳ ಗಾಜಿನ ಸೌರೋಷ್ಣದ ಅಂಕ ೦.೨೭ನ್ನು ಮೀರಬಾರದೆಂದೂ ವಿಧಿಸಿತು. ಉತ್ತರದ ಕಿಟಕಿಗೆ ಮಾತ್ರ ಒಂದು ರಿಯಾಯಿತಿ: ೧೫ ಡಿಗ್ರಿ ಅಕ್ಷಾಂಶಕ್ಕೆ ಉತ್ತರದಲ್ಲಿರುವ ಊರುಗಳಿಗೆ ೦.೫೦ರವರೆಗೆ ಅವಕಾಶ. ಕಲಬುರಗಿಗೆ ಈ ರಿಯಾಯಿತಿ ಉಂಟು, ಬೆಂಗಳೂರಿಗೆ ಇಲ್ಲ. ಬೆಂಗಳೂರಿನ ನಕ್ಷೆಯನ್ನು ಕಲಬುರಗಿಗೆ ಹಾಗೆಯೇ ತರಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಆದರೆ ಆ ಸಂಹಿತೆ ಅನ್ವಯಿಸಿದ್ದು ನೂರು ಕಿಲೋವ್ಯಾಟ್ ಅಥವಾ ಅದಕ್ಕೆ ಮೇಲ್ಪಟ್ಟ ವಿದ್ಯುತ್ ಸಂಪರ್ಕವುಳ್ಳ ದೊಡ್ಡ ಕಟ್ಟಡಗಳಿಗೆ. ಕೇರಿಯ ಬಟ್ಟೆಯಂಗಡಿ, ಔಷಧದಂಗಡಿ, ಸಣ್ಣ ಚಿಕಿತ್ಸಾಲಯ ಇವು ಆ ಜಾಲದ ಕಣ್ಣಿನಿಂದ ನುಸುಳಿ ಹೋಗುವಷ್ಟು ಚಿಕ್ಕವು. ದೊಡ್ಡವನಿಗೆ ಕಾನೂನು ಅಡ್ಡವಾಗಿ ನಿಂತು ಅವನನ್ನು ನಷ್ಟದಿಂದ ಕಾಪಾಡುತ್ತದೆ. ಚಿಕ್ಕವನಿಗೆ ತಿಳಿವಳಿಕೆಯ ಹೊರತು ಬೇರೆ ಕಾವಲಿಲ್ಲ. ನಗರ ಪಾಲಿಕೆಗಳು ಕಟ್ಟಡದ ಪರವಾನಗಿಯೊಡನೆ ಈ ಕೆಲವು ಸಂಗತಿಗಳನ್ನು ಒಂದು ಪುಟದಲ್ಲಿ ಅಚ್ಚುಹಾಕಿ ಕೊಟ್ಟರೆ, ಗಾಜಿನ ವ್ಯಾಪಾರಿಗಳು ತಮ್ಮ ಸರಕಿನ ಎರಡು ಅಂಕಗಳನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆದು ತೂಗುಹಾಕಿದರೆ, ಬಹಳ ಉಪಕಾರವಾದೀತು. ಅಂತಹ ವ್ಯಾಪಾರಿಗೆ ಗಿರಾಕಿಗಳು ಹೆಚ್ಚುವರೇ ಹೊರತು ಕಡಮೆಯಾಗರು.

ಅಲ್ಲಿಯವರೆಗೆ ಗಾಜು ಕೊಳ್ಳಹೊರಟವರು ದಪ್ಪ ಎಷ್ಟು, ಬಣ್ಣ ಯಾವುದು, ಚದರಡಿಗೆ ಬೆಲೆಯೇನು ಎಂಬ ವಾಡಿಕೆಯ ಪ್ರಶ್ನೆಗಳ ಮೊದಲು ಬೇರೆ ನಾಲ್ಕನ್ನು ಕೇಳಲಿ: ಈ ಗೋಡೆ ಯಾವ ದಿಕ್ಕಿಗಿದೆ? ಈ ಗಾಜು ಎಷ್ಟು ಉಷ್ಣವನ್ನು, ಎಷ್ಟು ಬೆಳಕನ್ನು ಒಳಬಿಡುತ್ತದೆ? ಒಡೆದರೆ ಹೇಗೆ ಒಡೆಯುತ್ತದೆ? ಬೇಕೆಂದಾಗ ಇದನ್ನು ತೆರೆಯಬಹುದೇ? ಉತ್ತರಕ್ಕೆ ಮೋರೆಯಿದ್ದರೆ ಧಾರಾಳವಾಗಿ ಗಾಜು ಹಾಕಿಸಲಿ. ದಕ್ಷಿಣಕ್ಕಿದ್ದರೆ ಎರಡೂವರೆ ಅಡಿ ಛಜ್ಜದೊಡನೆ ಹಾಕಿಸಲಿ. ಪೂರ್ವಕ್ಕಿದ್ದರೆ ಮಿತವಾಗಿ, ಬೆಳಗಿನ ಮರೆಯೊಡನೆ ಹಾಕಿಸಲಿ. ಪಶ್ಚಿಮಕ್ಕಿದ್ದರೆ ಸರಕು ಕಾಣುವಷ್ಟು ಮಾತ್ರ ಇಟ್ಟು, ಉಳಿದ ಗೋಡೆಯನ್ನು ಗೋಡೆಯಾಗಿಯೇ ಇರಗೊಡಲಿ.